ಅಬು ಫರ್ವಾ ಮತ್ತು ಕೆಮ್ಮಣ್ಣಿನ ಬೇಳೆ

2022ರ ಡಿಸೆಂಬರ್ ತಿಂಗಳ ಕೊನೆಯ ವಾರ. ದಮ್ಮಾಮಿನ ರಾತ್ರಿಗಳು ಕಂಬಳಿ ಬೇಡತೊಡಗಿದ್ದವು. ನಾವು ನಾಲ್ಕೈದು ಕನ್ನಡ ಕುಟುಂಬದವರು ಎಂದಿನಂತೆ ಊರ ಹೊರಗಿನ ಮರಳಿನಲ್ಲಿ ಒಂದು ಸಂಜೆ ಕಳೆಯಲು ಹೋಗಿದ್ದೆವು. ನನ್ನ ಕಚೇರಿಯ ಸೌದಿ ಸಹೋದ್ಯೋಗಿಯೊಬ್ಬರು ಮಕ್ಕಳೊಂದಿಗೆ ಬಂದು ಸೇರಿಕೊಂಡರು. ಅವರ ಕೈಯಲ್ಲಿ ಒಂದು ಕಾಗದದ ಚೀಲವಿತ್ತು. ಅದರೊಳಗಿನಿಂದ ಹೊಳೆಯುವ ಕಂದು ಬಣ್ಣದ ಬೀಜಗಳನ್ನು ತೆಗೆದು, ಒಂದೊಂದರ ಬೆನ್ನಿಗೂ ಚಾಕುವಿನಿಂದ ಗೀರು ಹಾಕಿ, ಕೆಂಡದ ಮೇಲಿನ ಜಾಲರಿಯಲ್ಲಿ ಹರಡಿದರು. ಗೀರು ಹಾಕದಿದ್ದರೆ ಸಿಡಿದು ಕಣ್ಣಿಗೆ ಹಾರುತ್ತದೆ ಎಂದು ಮಕ್ಕಳನ್ನು ಎಚ್ಚರಿಸಿದರು.

ಅದು ಚೆಸ್ಟ್‌ನಟ್. ಸೌದಿಯವರು ಅದನ್ನು 'ಅಬು ಫರ್ವಾ' ಎನ್ನುತ್ತಾರೆ. ತುಪ್ಪಳದವನು, ತುಪ್ಪಳ ಹೊದ್ದವನು ಎಂದು ಅರ್ಥ. ಇಲ್ಲಿ ಬೆಳೆಯುವುದಲ್ಲ, ಹೊರದೇಶಗಳಿಂದ ಬರುವುದು. ಆದರೂ ಚಳಿ, ಕೆಂಡ ಮತ್ತು ಅಬು ಫರ್ವಾ ಈ ನಾಡಿನ ಜನರಿಗೆ ಒಟ್ಟಿಗೇ ನೆನಪಾಗುವ ಸಂಗತಿಗಳು. ಬಿಸಿಬಿಸಿಯಾದ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡೆ. ಹಿಟ್ಟುಹಿಟ್ಟಾದ, ತುಸು ಸಿಹಿಯಾದ, ಗಂಟಲಲ್ಲಿ ನೀರು ಬೇಡುವ ಆ ರುಚಿ ನಾಲಿಗೆಗೆ ತಾಗಿದೊಡನೆ ನನ್ನ ಬಾಯಿಂದ ಹೊರಟ ಮಾತು: "ಅರೆ, ಇದು ಬೇಳೆ!"

ಪಕ್ಕದಲ್ಲಿದ್ದ ಮೈಸೂರಿನ ಗೆಳೆಯರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾವ ಬೇಳೆ? ತೊಗರಿಯೋ, ಕಡಲೆಯೋ?"

ತಪ್ಪು ಅವರದಲ್ಲ. ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನಾದ ನನಗೆ 'ಬೇಳೆ' ಎಂದರೆ ಮೊದಲು ಹೊಳೆಯುವುದು ಹಲಸಿನ ಬೀಜ. ನಮ್ಮಲ್ಲಿ ಅದಕ್ಕೆ ಮೂರು ಹೆಸರು. ಮನೆಯೊಳಗೆ ಬೇಳೆ, ತೋಟದ ಕೆಲಸಕ್ಕೆ ಬರುವವರ ತುಳುವಿನಲ್ಲಿ ಪೆಲತ್ತರಿ, ಪೇಟೆಯ ಮಲಯಾಳದಲ್ಲಿ ಚಕ್ಕಕ್ಕುರು. ಅಂದು ರಾತ್ರಿ ಆ ಬೆಂಕಿಯ ಸುತ್ತ ಬೇಳೆಯ ಪುರಾಣವನ್ನು ನಾನು ಎಷ್ಟು ಹೊತ್ತು ಹೇಳಿದೆನೆಂದರೆ, ಅದನ್ನು ಬರೆದುಕೊಡಿ ಎಂದು ನಮ್ಮ ಪತ್ರಿಕೆಯ ಸ್ವಯಂಸೇವಕ ಮಿತ್ರರು ಅಲ್ಲಿಯೇ ಹೇಳಿಬಿಟ್ಟರು. ಬರೆಯಲು ಇಷ್ಟು ಕಾಲ ಹಿಡಿಯಿತು. ಏಕೆಂದರೆ ಆಮೇಲಿನ ತಿಂಗಳುಗಳಲ್ಲಿ ನಡೆದದ್ದನ್ನು ಸೇರಿಸದೆ ಬರೆದರೆ ಅದು ಬರಿಯ ಊರಿನ ಹಂಬಲವಾಗುತ್ತಿತ್ತು.

ನಮ್ಮ ಮನೆಯ ಸುತ್ತ ಹನ್ನೊಂದು ಹಲಸಿನ ಮರಗಳಿದ್ದವು. ನೆಟ್ಟವರು ಯಾರೋ ತಿಳಿಯದು. ಕೆಲವು ಬಕ್ಕೆ, ಸೊಳೆ ಗಟ್ಟಿಯಾದವು. ಕೆಲವು ತುಳುವ, ಕೈಯಲ್ಲಿ ಹಿಡಿದರೆ ಜಾರಿ ಹೋಗುವಷ್ಟು ಮೆತ್ತನೆಯವು. ಹಟ್ಟಿಯ ಹಿಂದಿದ್ದ ಬಕ್ಕೆಮರವೇ ಎಲ್ಲಕ್ಕೂ ದೊಡ್ಡದು. ಅದರ ಬೇಳೆ ಉದ್ದನೆಯದು, ಬೇಯಿಸಿದರೆ ಬೆಣ್ಣೆ.

ಏಪ್ರಿಲಿನಿಂದ ಹಣ್ಣು ಕೀಳುವ ಕೆಲಸ. ಅಪ್ಪ ಮರದ ಬುಡದಲ್ಲಿ ನಿಂತು, ಕೈಗೆಟುಕುವ ಕಾಯಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಟಣ್ ಎಂದರೆ ಇನ್ನೂ ಕಾಯಿ, ದಬ್ ಎಂದರೆ ಬೆಳೆದಿದೆ. ಎತ್ತರದ ಕೊಂಬೆಯವುಗಳಿಗೆ ಆಳು ಹತ್ತಿ ಹಗ್ಗ ಕಟ್ಟಿ ಇಳಿಸುತ್ತಿದ್ದ. ಎಸೆದರೆ ಒಡೆಯುತ್ತದೆ, ಒಡೆದರೆ ಬೇಳೆಗೂ ಪೆಟ್ಟು ಬೀಳುತ್ತದೆ, ಪೆಟ್ಟು ಬಿದ್ದ ಬೇಳೆ ಮಳೆಗಾಲದವರೆಗೆ ಉಳಿಯುವುದಿಲ್ಲ. ಆಮೇಲಿನದೆಲ್ಲ ಅಮ್ಮ ಮತ್ತು ಅಜ್ಜಿಯ ಕೆಲಸ. ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಕತ್ತಿಗೂ ಸವರಿ, ಹಣ್ಣು ಸೀಳಿ, ಗೂಂಜು ತೆಗೆದು, ಮೇಣ ಒರೆಸಿ, ಸೊಳೆ ಬಿಡಿಸುವುದು. ಸೊಳೆಯನ್ನು ತಿನ್ನಲು, ಹಪ್ಪಳಕ್ಕೆ, ಉಪ್ಪಿನಲ್ಲಿ ಹಾಕಿಡಲು ಬೇರೆಬೇರೆ ಮಾಡುವರು. ಬೇಳೆಗಳು ಒಂದು ಬುಟ್ಟಿಗೆ ಬೀಳುತ್ತಿದ್ದವು. ಒಂದು ಹಣ್ಣಿನಲ್ಲಿ ನೂರು ಬೇಳೆಗೆ ಕಡಿಮೆಯಿಲ್ಲ. ದೊಡ್ಡದಾದರೆ ಇನ್ನೂ ಹಲವು ಪಟ್ಟು.

ಬುಟ್ಟಿ ತುಂಬಿದ ಮೇಲೆ ನೀರಿನಲ್ಲಿ ತಿಕ್ಕಿ ಜಾರುವ ಪೊರೆಯನ್ನು ಕಳೆದು, ಅಂಗಳದ ನೆರಳಿನಲ್ಲಿ ಹರಡುತ್ತಿದ್ದರು. ನೆರಳಿನಲ್ಲಿ, ಬಿಸಿಲಿನಲ್ಲಿ ಅಲ್ಲ. ಅದೂ ಒಂದೇ ದಿನ, ಮೈಯ ನೀರು ಆರುವಷ್ಟು ಮಾತ್ರ. ಅನಂತರ ಗುಡ್ಡದ ಬದಿಯಿಂದ ತಂದ ಕೆಮ್ಮಣ್ಣನ್ನು ಪುಡಿಮಾಡಿ, ಕಲ್ಲು ಬೇರು ಆರಿಸಿ, ಕೈ ಒದ್ದೆಯಾದಂತೆನಿಸುವಷ್ಟು ನೀರು ಚಿಮುಕಿಸಿ, ಬೇಳೆಗಳನ್ನು ಅದರಲ್ಲಿ ಹೊರಳಿಸುತ್ತಿದ್ದರು. ಎಲ್ಲ ಬೇಳೆಯೂ ಒಂದೊಂದು ಕೆಂಪು ಅಂಗಿ ತೊಟ್ಟಂತೆ. ಸೌದೆಕೊಟ್ಟಿಗೆಯ ಮೂಲೆಯಲ್ಲಿ ಒಂದು ಪದರ ಮಣ್ಣು, ಒಂದು ಪದರ ಬೇಳೆ, ಮತ್ತೆ ಮಣ್ಣು. ಮೇಲೆ ಹಳೆಯ ಗೋಣಿಚೀಲ. ಇಷ್ಟಾದರೆ ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳಿಗೆ ಪದಾರ್ಥ ಸಿದ್ಧ. ಮಂಗಳೂರು ಸೌತೆಯೊಂದಿಗೆ ಕೊದ್ದೆಲು, ಬಸಳೆಯೊಂದಿಗೆ ಸಾಂಬಾರು, ತಜಂಕಿನ ಎಳೆಯ ಸೊಪ್ಪಿನೊಂದಿಗೆ ಪಲ್ಯ. ಮಕ್ಕಳಾದ ನಮಗೆ ಬಚ್ಚಲೊಲೆಯ ಕೆಂಡ. ಅಲ್ಲಿಯೂ ಅದೇ ನಿಯಮ: ಕಲ್ಲಿನಿಂದ ಮೆಲ್ಲಗೆ ಜಜ್ಜಿ ಸಿಪ್ಪೆ ಬಿರಿಯಿಸದೆ ಕೆಂಡಕ್ಕೆ ಹಾಕಿದರೆ ಢಮ್ ಎನ್ನುತ್ತದೆ. ಸಹೋದ್ಯೋಗಿ ಮಿತ್ರರು ಚಾಕು ತೆಗೆದಾಗ ನನಗೆ ಮೊದಲು ನೆನಪಾದದ್ದು ಆ ಕಲ್ಲು.

ಈ ಮಣ್ಣಿನ ವಿದ್ಯೆಯ ಬೆಲೆ ತಿಳಿದದ್ದು ನಾನೇ ಕೆಟ್ಟ ಮೇಲೆ. 2009ರಲ್ಲಿ ಸಂಸಾರ ಸಮೇತ ದಮ್ಮಾಮಿಗೆ ಬರುವಾಗ ನಾಲ್ಕು ಕಿಲೋ ಬೇಳೆ ತಂದೆವು. ಅಮ್ಮ ಮಣ್ಣು ಮೆತ್ತಿಯೇ ಕೊಟ್ಟಿದ್ದರು. ಮಣ್ಣನ್ನು ಗಡಿ ದಾಟಿಸುವುದು ಎಲ್ಲಿಯೂ ಮೆಚ್ಚುವ ಸಂಗತಿಯಲ್ಲವೆಂದು ಹೊರಡುವ ಹಿಂದಿನ ದಿನ ಎಲ್ಲವನ್ನೂ ತೊಳೆದೆ. ಅಮ್ಮ ಏನೂ ಹೇಳಲಿಲ್ಲ. ಬುಟ್ಟಿಯ ಕಡೆಗೊಮ್ಮೆ ನೋಡಿ ಒಳಗೆ ಹೋದರು. ಇಲ್ಲಿಗೆ ಬಂದ ಮೇಲೆ ಅರ್ಧವನ್ನು ಬಟ್ಟಲಲ್ಲಿ ತೆರೆದಿಟ್ಟೆವು, ಅರ್ಧವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟೆವು. ಎರಡು ವಾರಗಳಲ್ಲಿ ಏಸಿಯ ಗಾಳಿಗೆ ಬಟ್ಟಲಿನವು ಗೋಲಿಗಳಂತಾಗಿ ಕುಕ್ಕರಿಗೂ ಜಗ್ಗಲಿಲ್ಲ. ಚೀಲದವು ಬೆವರಿ, ಬೂಷ್ಟು ಹಿಡಿದು, ಬಿಚ್ಚಿದರೆ ಮೂಗು ಮುಚ್ಚಿಕೊಳ್ಳುವಂತಾಗಿದ್ದವು. ನಾಲ್ಕು ಕಿಲೋದಲ್ಲಿ ನಾವು ತಿಂದದ್ದು ಎರಡು ಸಲದ ಸಾಂಬಾರು.

ಕಾರಣವನ್ನು ಬಹಳ ಕಾಲದ ಮೇಲೆ ಓದಿ ತಿಳಿದೆ. ಬೀಜಗಳಲ್ಲಿ ಎರಡು ಬಗೆ. ಭತ್ತ, ಉದ್ದು, ಹೆಸರು ಮೊದಲಾದವು ಒಣಗಿಸಿದಷ್ಟೂ ಹೆಚ್ಚು ಕಾಲ ಬದುಕುತ್ತವೆ. ಇನ್ನೊಂದು ಬಗೆಯವು ಒಣಗಿದರೆ ಸಾಯುತ್ತವೆ. ಇ. ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ 1973ರಲ್ಲಿ ಈ ಎರಡನೆಯ ಗುಂಪಿಗೆ 'ರಿಕ್ಯಾಲ್ಸಿಟ್ರಂಟ್' ಎಂದು ಹೆಸರಿಟ್ಟರು. ಮೊಂಡು ಬೀಜಗಳು ಎನ್ನೋಣ. ಹಲಸು ಆ ಗುಂಪಿನದು. ಅಬು ಫರ್ವಾವೂ ಆ ಗುಂಪಿನದೇ! ತಾಜಾ ಚೆಸ್ಟ್‌ನಟ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಬಾದಾಮಿ, ಗೋಡಂಬಿಗಳಲ್ಲಿರುವಂತೆ ಎಣ್ಣೆಯಿಲ್ಲ, ಇರುವುದೆಲ್ಲ ಪಿಷ್ಟ. ಬೇಳೆಯೂ ಹಾಗೆಯೇ. ಎರಡು ಮರಗಳಿಗೂ ನಂಟಿಲ್ಲ, ಒಂದು ಚಳಿನಾಡಿನದು, ಒಂದು ಮಳೆನಾಡಿನದು. ಆದರೂ ನನ್ನ ನಾಲಿಗೆ ಅಂದು ತಪ್ಪಿರಲಿಲ್ಲ.

ಆದುದರಿಂದ ಇವುಗಳನ್ನು ಕಾಪಿಡುವುದೆಂದರೆ ಧಾನ್ಯ ಕಾಪಿಟ್ಟಂತಲ್ಲ. ಅವು ಜೀವವಿರುವಂಥವು, ಉಸಿರಾಡುತ್ತವೆ. ಒಳಗಿನ ನೀರು ಆರಿಹೋಗಬಾರದು, ಉಸಿರೂ ಕಟ್ಟಬಾರದು. ಅಮ್ಮನ ಕೆಮ್ಮಣ್ಣು ಮಾಡುತ್ತಿದ್ದದ್ದು ಈ ಎರಡನ್ನೂ. ಯುರೋಪಿನ ರೈತರು ಚೆಸ್ಟ್‌ನಟ್ಟನ್ನು ಮರಳಿನ ಪದರಗಳ ನಡುವೆ ಇಡುತ್ತಿದ್ದರೆಂದು ಓದಿದಾಗ, ಸೌದೆಕೊಟ್ಟಿಗೆಯ ಮೂಲೆ ಅಲ್ಲಿಯೂ ಇತ್ತಲ್ಲ ಎನಿಸಿತು. ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಅದಕ್ಕೆ ರೊಟ್ಟಿಯ ಮರವೆಂದೇ ಹೆಸರು. ಅಲ್ಲಿ 'ಕ್ಲೆದ್' ಎಂಬ ಕಲ್ಲಿನ ಪುಟ್ಟ ಕಟ್ಟಡದ ಅಟ್ಟದಲ್ಲಿ ಕಾಯಿ ಹರಡಿ, ಕೆಳಗೆ ವಾರಗಟ್ಟಲೆ ಹೊಗೆಬೆಂಕಿ ಉರಿಸಿ ಒಣಗಿಸುತ್ತಿದ್ದರು. ಬದುಕಿಸಿಡಲಾಗದಿದ್ದರೆ ಪೂರ್ತಿ ಒಣಗಿಸಿಬಿಡುವುದು, ಅದು ಇನ್ನೊಂದು ದಾರಿ. ನಮ್ಮಲ್ಲಿ ಅದಕ್ಕೆ ಸಾಂತಾಣಿ ಎಂದು ಹೆಸರು. ಬೇಳೆಯನ್ನು ಉಪ್ಪುನೀರಿನಲ್ಲಿ ಬೇಯಿಸಿ, ಅಲ್ಲಾಡಿಸಿದರೆ ಗಲಗಲ ಎನ್ನುವವರೆಗೆ ಬಿಸಿಲಿನಲ್ಲಿ ಒಣಗಿಸುವುದು. ವರ್ಷವಾದರೂ ಕೆಡದು. ಹಲ್ಲು ಗಟ್ಟಿಯಿದ್ದವರು ಹಾಗೆಯೇ ಜಗಿಯಬಹುದು. ಉಳಿದವರು ರಾತ್ರಿ ನೆನೆಹಾಕಬೇಕು.

ನಾವಿರುವ ಈ ನೆಲದ್ದು ಒಣಗಿಸುವ ವಿದ್ಯೆ. ದಮ್ಮಾಮಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಅಲ್ ಅಹ್ಸಾಕ್ಕೆ ನಮ್ಮಲ್ಲಿ ಹೆಚ್ಚಿನವರು ಹೋಗಿದ್ದೀರಿ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ, ಸುಮಾರು ಇಪ್ಪತ್ತೈದು ಲಕ್ಷ ಖರ್ಜೂರದ ಮರಗಳ ಓಯಸಿಸ್ ಅದು. ಅಲ್ಲಿ ಸೂರ್ಯನೇ ಅರ್ಧ ಕೆಲಸ ಮುಗಿಸುತ್ತಾನೆ. ರುತಬ್ ಎಂಬ ಮೆತ್ತನೆಯ ಹಣ್ಣು ತಮರ್ ಆಗುವಷ್ಟರಲ್ಲಿ ನೀರು ಇಳಿದು ಸಕ್ಕರೆ ಗಟ್ಟಿಯಾಗಿ, ಹುಳಹುಪ್ಪಟೆ ಮುಟ್ಟದಂತೆ ಕಾಯ್ದರೆ ಸಾಕು ಎನ್ನುವಂತಿರುತ್ತದೆ. ಸೇತುವೆಯಾಚೆಯ ಬಹ್ರೈನ್ ಕೋಟೆಯಲ್ಲಿ ಮದ್‌ಬಸಾ ಎಂಬ ಕೋಣೆಯನ್ನು ನೋಡಿದ್ದೇನೆ. ನೆಲದಲ್ಲಿ ಸಾಲುಸಾಲು ಕಾಲುವೆಗಳು. ಅದರ ಮೇಲೆ ಖರ್ಜೂರದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದರೆ ತಮ್ಮ ಭಾರಕ್ಕೆ ತಾವೇ ಹಿಂಡಿಕೊಂಡು ಪಾಕ ಹರಿದು ಬರುತ್ತಿತ್ತು. ಮರಳುಗಾಡಿನವರು ಶತಮಾನಗಳ ಹಿಂದೆ ಇಷ್ಟು ಅಚ್ಚುಕಟ್ಟಾಗಿ ಕಾಪಿಡುತ್ತಿದ್ದುದನ್ನು ಕಂಡು ನನಗೆ ನಾಚಿಕೆಯಾದದ್ದು ನಿಜ. ನಮ್ಮ ತೋಟದಲ್ಲಿ ಆ ಹೊತ್ತಿಗೆ ಹಲಸು ಉದುರಿ ಕೊಳೆಯುತ್ತಿತ್ತು. 2018ರ ಮಾರ್ಚ್ 21ರಂದು ಕೇರಳ ಸರಕಾರ ಹಲಸನ್ನು ರಾಜ್ಯಫಲವೆಂದು ಸಾರಿತು. ಆ ವರ್ಷವೂ ಕೊಳೆಯಿತು. ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯಲ್ಲಿ ನಮ್ಮ ನೆರೆಯೂರಿನವರೇ ಆದ ಶ್ರೀ ಪಡ್ರೆಯವರು ಹಲಸಿನ ಪರವಾಗಿ ವರ್ಷಾನುಗಟ್ಟಲೆ ಬರೆದದ್ದನ್ನು ಅಮ್ಮ ಓದಿ ಜೋಪಾನವಾಗಿ ಎತ್ತಿಡುತ್ತಿದ್ದರು. ಓದುವವರಿದ್ದರು, ಹೆಕ್ಕುವವರಿರಲಿಲ್ಲ.

ಬೆಂಕಿಯ ಸುತ್ತ ನಾನು ಪುರಾಣ ಹೇಳಿದ ಮೂರು ವಾರಗಳಿಗೆ ಊರಿನಿಂದ ಅಣ್ಣನ ಫೋನು ಬಂತು. ಹಟ್ಟಿಯ ಹಿಂದಿನ ಬಕ್ಕೆಮರವನ್ನು ಕಡಿಸುವುದೆಂದು ನಿಶ್ಚಯಿಸಿದ್ದಾನೆ; ಮರದ ವ್ಯಾಪಾರಿ ಬಂದು ನೋಡಿ ಹೋಗಿದ್ದಾನೆ. ಕಡಿಸಬೇಡ ಎಂದೆ. ಅಜ್ಜನ ಕಾಲದ ಮರ ಎಂದೆ. ಅಮ್ಮನಿಗೆ ಆ ಮರದ ಬೇಳೆಯೆಂದರೆ ಪ್ರಾಣ, ಅವರ ಮುಖ ನೋಡಿಯಾದರೂ ಬಿಡು ಎಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನೀನು ಅಲ್ಲಿ ಕುಳಿತು ಕಡಿಯಬೇಡ ಅಂತೀಯ. ಬಿದ್ದ ಹಣ್ಣು ಹೆಕ್ಕುವುದು ಯಾರು? ಹೋದ ವರ್ಷ ಅಮ್ಮ ಜಾರಿ ಬಿದ್ದದ್ದು ಎಲ್ಲಿ ಅಂತ ಗೊತ್ತುಂಟಾ ನಿನಗೆ?"

ಗೊತ್ತಿರಲಿಲ್ಲ. ಅಂಗಳದಲ್ಲಿ ಬಿದ್ದು ಕೈಯೆಲುಬು ಬಿರುಕು ಬಿಟ್ಟಿತೆಂದು ಮಾತ್ರ ನನಗೆ ತಿಳಿಸಿದ್ದರು. ಬಿದ್ದದ್ದು ಅಂಗಳದಲ್ಲಲ್ಲ, ಆ ಮರದ ಬುಡದಲ್ಲಿ, ಕೊಳೆತ ಹಣ್ಣಿನ ನಡುವಿನಿಂದ ಬೇಳೆ ಹೆಕ್ಕುವಾಗ. ಆರಿಸಿದ ಬೇಳೆಯಲ್ಲಿ ಒಂದು ಪಾಲು ಸಾಂತಾಣಿಯಾಗಿ ದಮ್ಮಾಮಿಗೆ ಬಂದಿತ್ತು. ನಾವು ತಿಂದಿದ್ದೆವು.

ಸಿಟ್ಟು ಬಂತು. ಅಣ್ಣನ ಮೇಲೆ, ಮುಚ್ಚಿಟ್ಟದ್ದಕ್ಕೆ. ಎರಡು ದಿನ ಮಾತು ಬಿಟ್ಟೆ. ಆದರೆ ಲೆಕ್ಕ ಹಾಕಿ ನೋಡಿದಾಗ ಇನ್ನೊಂದು ಸಂಗತಿ ಹೊಳೆಯಿತು. ಇಷ್ಟು ಹೊತ್ತು ನಾನಿಲ್ಲಿ ವಿವರಿಸಿದ ಕೆಲಸಗಳಲ್ಲಿ, ಸೀಳುವುದು, ಬಿಡಿಸುವುದು, ತೊಳೆಯುವುದು, ಮಣ್ಣು ಹೊರುವುದು, ಯಾವುದನ್ನೂ ನಾನು ಒಂದು ಸಲವೂ ಮಾಡಿದವನಲ್ಲ. ನೋಡಿದ್ದೆ. ಕೆಂಡದಲ್ಲಿ ಸುಟ್ಟು ತಿಂದಿದ್ದೆ. ಕಡಿಯಬೇಡ ಎನ್ನುವಾಗ ನಾನು ಉಳಿಸಹೊರಟದ್ದು ಮರವನ್ನೋ, ಅಮ್ಮನ ದುಡಿಮೆಯನ್ನೋ?

2023ರ ಮೇ ಕೊನೆಯಲ್ಲಿ ಮೂರು ವಾರ ರಜೆ ಹಾಕಿ ಒಬ್ಬನೇ ಹೋದೆ. ಮರ ಇನ್ನೂ ನಿಂತಿತ್ತು. ನನ್ನ ಮಾತಿಗೆ ಬೆಲೆ ಕೊಟ್ಟು ಅಣ್ಣ ತಡೆದಿದ್ದ. ಹತ್ತಿರ ಹೋಗಿ ನೋಡಿದರೆ ಬುಡ ಟೊಳ್ಳಾಗಿ, ಇಡೀ ಮರ ಹಟ್ಟಿಯ ಮಾಡಿನ ಕಡೆಗೆ ವಾಲಿತ್ತು. ಸಂಜೆ ಜಗಲಿಯಲ್ಲಿ ಕುಳಿತಾಗ ಅಮ್ಮನನ್ನು ಕೇಳಿದೆ. ಅವರು ನನ್ನ ಪಕ್ಷ ವಹಿಸುವರೆಂಬ ಭರವಸೆ ಆಗಲೂ ನನ್ನಲ್ಲಿತ್ತು.

"ಕಡಿಯಲಿ ಮಗಾ," ಎಂದರು. "ಗಾಳಿಗೆ ಬಿದ್ದರೆ ಹಟ್ಟಿಯ ಮೇಲೆಯೇ. ಹಟ್ಟಿಯಲ್ಲಿ ಎರಡು ದನ ಉಂಟು. ಬೇಳೆಗೆ ಬೇರೆ ಮರ ಇಲ್ಲವಾ?"

ಅಷ್ಟೇ. ನಾನು ದಮ್ಮಾಮಿನಲ್ಲಿ ಕುಳಿತು ಅವರ ಪರವಾಗಿ ಹೂಡಿದ್ದ ಜಗಳ ಅವರಿಗೆ ಬೇಕಾಗಿರಲೇ ಇಲ್ಲ. ಅವರ ಚಿಂತೆ ಬೇರೆಯದು: ಕಡಿಯುವ ಮೊದಲು ಮರದಲ್ಲಿರುವ ಹಣ್ಣು ಇಳಿಸಬೇಕು, ಮಳೆ ಬಂದರೆ ಹಣ್ಣು ನೀರಾಗುತ್ತದೆ, ಬೇಗ ಆಗಬೇಕು. ಆ ವರ್ಷ ಮಳೆ ನಮ್ಮ ಪುಣ್ಯಕ್ಕೆ ತಡವಾಯಿತು. ಕೇರಳಕ್ಕೆ ಮುಂಗಾರು ತಲುಪಿದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ಹಿಂದೆ. ಆ ವಾರದಲ್ಲಿ ನಾನು, ಅಣ್ಣ, ಅತ್ತಿಗೆ ಸೇರಿ ಹತ್ತೊಂಬತ್ತು ಹಣ್ಣು ಬಿಡಿಸಿದೆವು. ಅಮ್ಮ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟರು. ಹೇಳಿಕೊಟ್ಟರು ಎನ್ನುವುದಕ್ಕಿಂತ ಬೈದರು ಎಂದರೆ ಸರಿ. ನನ್ನ ಕೈಯ ಮೇಣ ನಾಲ್ಕು ದಿನ ಬಿಡಲಿಲ್ಲ. ಬೆನ್ನು ಹಿಡಿದುಕೊಂಡಿತು. ಮೂರನೆಯ ದಿನ ಒಂದು ಬುಟ್ಟಿ ಬೇಳೆಯನ್ನು ಬಿಸಿಲಿಗೆ ಹರಡಿಬಿಟ್ಟೆ. ಅಮ್ಮ ನೋಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. "ಅದನ್ನು ಇನ್ನು ಮಣ್ಣಿಗೆ ಹಾಕಿ ಪ್ರಯೋಜನವಿಲ್ಲ, ಸಾಂತಾಣಿಗೆ ಇಡು" ಎಂದರು. ಮಣ್ಣಿನ ಹದವನ್ನು ಮಾತ್ರ ಅವರು ನಮ್ಮ ಮೇಲೆ ಬಿಡಲಿಲ್ಲ. ಎದ್ದು ಬಂದು, ಒಂದು ಹಿಡಿ ಹಿಂಡಿ ನೋಡಿದರು. ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಬರಬಾರದು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಬರೆದಿಟ್ಟುಕೊಂಡೆ. ಈ ವಾಕ್ಯವನ್ನು ಆ ಚೀಟಿ ನೋಡಿಯೇ ಬರೆಯುತ್ತಿದ್ದೇನೆ.

ಮಳೆ ಹಿಡಿಯುವ ಮೊದಲು ಮರ ಬಿತ್ತು. ಹಳದಿಯಾದ ತಿರುಳು ಅಷ್ಟೊಂದು ಉಳಿದಿದ್ದುದು ವ್ಯಾಪಾರಿಗೂ ಅಚ್ಚರಿ. ಎರಡು ಹಲಗೆಗಳನ್ನು ಅಣ್ಣ ಮನೆಗೆಂದು ಉಳಿಸಿಕೊಂಡ. ಉಳಿದ ಹತ್ತು ಮರಗಳ ಬಗ್ಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನೆರೆಮನೆಯ ದಂಪತಿಗಳು ಹಣ್ಣು ಇಳಿಸಿ ಬಿಡಿಸುತ್ತಾರೆ. ಸೊಳೆಯೂ ಬೇಳೆಯೂ ಅರ್ಧರ್ಧ ಪಾಲು. ಏಣಿ, ಹಗ್ಗ, ಕೂಲಿಯ ಖರ್ಚು ನನ್ನದು. ಅಮ್ಮ ಮರದ ಬುಡಕ್ಕೆ ಹೋಗುವಂತಿಲ್ಲ. ಈ ಕೊನೆಯ ಷರತ್ತನ್ನು ಅವರು ಎಷ್ಟು ಪಾಲಿಸುತ್ತಾರೆಂಬುದು ಅತ್ತಿಗೆಯ ವರದಿಯ ಮೇಲೆ ನಿಂತಿದೆ.

ಹಿಂತಿರುಗುವಾಗ ಹಸಿ ಬೇಳೆ ತರಲಿಲ್ಲ, ಮಣ್ಣಂತೂ ಇಲ್ಲ. ಎರಡು ಕಿಲೋ ಸಾಂತಾಣಿ ತಂದೆ. ಇಲ್ಲಿಯ ಭಾರತೀಯ ಅಂಗಡಿಯಲ್ಲಿ ಸಿಕ್ಕಿದ ಒಂದು ಹಲಸಿನ ಹಣ್ಣಿನ ಬೇಳೆಯನ್ನು ಚೀಟಿಯ ಹದದಂತೆ ಒದ್ದೆ ಮರಳಿನಲ್ಲಿಟ್ಟೆ. ಗಿಡದ ಅಂಗಡಿಯಿಂದ ತಂದ ಮರಳು ಅದು. ಸಮುದ್ರದ ದಂಡೆಯದನ್ನು ದಯವಿಟ್ಟು ಬಳಸಬೇಡಿ, ಉಪ್ಪಿರುತ್ತದೆ. ಮಣ್ಣಿನ ಕುಂಡ, ಮೇಲೆ ಒದ್ದೆ ಗೋಣಿ, ಮನೆಯ ಅತ್ಯಂತ ತಂಪಾದ ಕೋಣೆ. ಆರು ವಾರ ಚೆನ್ನಾಗಿದ್ದವು. ಅನಂತರ ಮೊಳಕೆ ಬರತೊಡಗಿತು. ಮೊಳಕೆ ಮುರಿದು ಅಡುಗೆಗೆ ಹಾಕಿದೆವು. ನನ್ನ ಮಗಳು ಒಂದನ್ನು ಬಚ್ಚಿಟ್ಟು ಬಾಲ್ಕನಿಯ ಕುಂಡದಲ್ಲಿ ನೆಟ್ಟಳು. ನಾಲ್ಕು ಎಲೆ ಬಂದವು. ಆಗಸ್ಟಿನ ಬಿಸಿಗಾಳಿಗೆ ಸುಟ್ಟು ಹೋದವು.

ಡಿಸೆಂಬರಿನಲ್ಲಿ ಮತ್ತೆ ಮರಳಿಗೆ ಹೋದೆವು. ಸಹೋದ್ಯೋಗಿ ಮಿತ್ರರು ಅಬು ಫರ್ವಾ ತಂದಿದ್ದರು, ನಾನು ರಾತ್ರಿಯಿಡೀ ನೆನೆಸಿ ಬೇಯಿಸಿದ ಸಾಂತಾಣಿಯನ್ನು ಡಬ್ಬಿಯಲ್ಲಿ ಒಯ್ದು ಕೆಂಡದ ಮೇಲೆ ಬಿಸಿಮಾಡಿದೆ. ಅವರು ಒಂದನ್ನು ತಿಂದು, ಇನ್ನೊಂದನ್ನು ತೆಗೆದುಕೊಂಡು, ಸಿಪ್ಪೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇವನಿಗೆ ತುಪ್ಪಳವಿಲ್ಲ," ಎಂದರು. ಮರ ಯಾವುದು, ಎಷ್ಟು ದೊಡ್ಡದು ಎಂದು ಕೇಳಿದರು. ಕಡಿದೆವು ಎಂದೆ. ಅಲ್ ಅಹ್ಸಾದಲ್ಲಿ ತಮ್ಮ ತಾತನದೊಂದು ಖರ್ಜೂರದ ತೋಟವಿದೆ, ತಮ್ಮಂದಿರಾರೂ ಅತ್ತ ಹೋಗುವುದಿಲ್ಲ, ಎಂದು ಹೇಳಿ ಕೆಂಡ ಕೆದಕತೊಡಗಿದರು.

ಮರುದಿನ ಬೆಳಿಗ್ಗೆ ಅಮ್ಮನ ಫೋನು. ಸಾಂತಾಣಿ ಇನ್ನು ಎಷ್ಟು ಉಳಿದಿದೆ ಎಂದು ಕೇಳಿದರು. ಒಂದು ಹಿಡಿ ಎಂದೆ. "ಅಷ್ಟು ಬೇಗ ಖಾಲಿ ಮಾಡಿದಿರಾ? ಆ ಮರದ್ದು ಅದೇ ಕೊನೆಯದು" ಎಂದು ಗದರಿಸಿ, ಅತ್ತಿಗೆಯ ಕೈಗೆ ಫೋನು ಕೊಟ್ಟರು.